ಪದ ಪರಿಚಯ: ಕಂಟ್ರಿ ರಿಸ್ಕ್

ಹೊರದೇಶದಲ್ಲಿ ಬಂಡವಾಳ ಹಾಕಿದ ಕಂಪನಿಗೆ ಮಾಮೂಲು ವ್ಯಾಪಾರದ ಏರುಪೇರು ಇದ್ದದ್ದೇ. ಅದನ್ನು ಬಿಟ್ಟು, ಆ ದೇಶದ ಸರ್ಕಾರ, ಕಾನೂನು, ಕರೆನ್ಸಿ ಅಥವಾ ಬೀದಿ ಗಲಾಟೆಯಿಂದ ಆಗಬಹುದಾದ ನಷ್ಟದ ಸಂಭವಕ್ಕೆ ಕಂಟ್ರಿ ರಿಸ್ಕ್ ಎನ್ನುತ್ತಾರೆ. ಯುದ್ಧ, ರಾಷ್ಟ್ರೀಕರಣ, ಲಾಭವನ್ನು ಡಾಲರ್ ಮಾಡಿ ಹೊರಗೆ ಕಳಿಸಲು ತಡೆ, ಒಪ್ಪಂದ ರದ್ದು ಎಲ್ಲವೂ ಇದರೊಳಗೇ ಬರುತ್ತವೆ.

ಇದಕ್ಕೆ ಅಂಕ ಕೊಡುವವರಿದ್ದಾರೆ. ಅಮೆರಿಕದ ಪಿಆರ್‌ಎಸ್ ಗ್ರೂಪ್‌ನ ಐಸಿಆರ್‌ಜಿ ಪಟ್ಟಿಯಲ್ಲಿ ರಾಜಕೀಯಕ್ಕೆ 100, ಹಣಕಾಸಿಗೆ 50, ಆರ್ಥಿಕತೆಗೆ 50 ಅಂಕ. ಒಟ್ಟನ್ನು ಎರಡರಿಂದ ಭಾಗಿಸುತ್ತಾರೆ. ಅಂಕ ಹೆಚ್ಚಿದಷ್ಟೂ ಅಪಾಯ ಕಡಿಮೆ. ನಮ್ಮ ರಫ್ತುದಾರರಿಗೆ ಹೆಚ್ಚು ಪರಿಚಿತವಾದದ್ದು ಇಸಿಜಿಸಿ. 1957ರಲ್ಲಿ ಶುರುವಾದ ಈ ಸರ್ಕಾರಿ ವಿಮಾ ಕಂಪನಿ ದೇಶಗಳನ್ನು ಎ1ರಿಂದ ಡಿವರೆಗೆ ವಿಂಗಡಿಸುತ್ತದೆ. ಕಂಪನಿಗಳ ಹಣಕಾಸು ವಿಭಾಗ ಇಂಥ ಶ್ರೇಣಿಗಳನ್ನು ನಿರೀಕ್ಷಿತ ಲಾಭದ ದರಕ್ಕೆ ಸೇರಿಸಿಕೊಳ್ಳುತ್ತದೆ: ತವರಲ್ಲಿ ಶೇ 12 ಸಾಕೆನ್ನುವ ಯೋಜನೆಗೆ ಅಪಾಯ ಹೆಚ್ಚಿರುವ ದೇಶದಲ್ಲಿ, ಉದಾಹರಣೆಗೆ, ಶೇ 17 ಬೇಕೆನ್ನುತ್ತದೆ.

ಅಂಕ ಸಿಗುವುದು ದೇಶಕ್ಕೆ, ಹಣ ಹೋಗುವುದು ಒಂದು ಯೋಜನೆಗೆ. ತೊಡಕಿರುವುದು ಇಲ್ಲೇ. ಮಾಲ್ಡೀವ್ಸ್‌ನಲ್ಲಿ ಬೆಂಗಳೂರು ಮೂಲದ ಜಿಎಂಆರ್ ಗುಂಪಿಗೆ ಆದದ್ದನ್ನೇ ನೋಡಿ. 2010ರಲ್ಲಿ, ಅಧ್ಯಕ್ಷ ನಶೀದ್ ಅವಧಿಯಲ್ಲಿ, ಮಲೇಷ್ಯಾದ ಕಂಪನಿಯೊಂದರ ಜೊತೆ ಸೇರಿ ಮಾಲೆ ವಿಮಾನ ನಿಲ್ದಾಣವನ್ನು 25 ವರ್ಷ ನಡೆಸುವ ಗುತ್ತಿಗೆ ಪಡೆಯಿತು. ಹೊರಡುವ ಅಂತರರಾಷ್ಟ್ರೀಯ ಪ್ರಯಾಣಿಕರಿಂದ ತಲಾ 25 ಡಾಲರ್ ಶುಲ್ಕ ವಸೂಲಿ ಮಾಡುವ ಲೆಕ್ಕವಿತ್ತು. 2011ರ ಕೊನೆಗೆ ಅಲ್ಲಿನ ಸಿವಿಲ್ ಕೋರ್ಟ್ ಅದಕ್ಕೆ ತಡೆ ಹಾಕಿತು. 2012ರ ಫೆಬ್ರುವರಿಯಲ್ಲಿ ನಶೀದ್ ಕುರ್ಚಿ ಬಿಟ್ಟರು. ನವೆಂಬರಿನಲ್ಲಿ ಹೊಸ ಸರ್ಕಾರ ಆ ಒಪ್ಪಂದ ಮೊದಲಿಂದಲೇ ಅಸಿಂಧು ಎಂದು ಘೋಷಿಸಿ, ಡಿಸೆಂಬರಿನಲ್ಲಿ ನಿಲ್ದಾಣವನ್ನು ವಶಕ್ಕೆ ತೆಗೆದುಕೊಂಡಿತು. ಒಪ್ಪಂದ ಊರ್ಜಿತವಾಗಿತ್ತು ಎಂದು ಮಧ್ಯಸ್ಥಿಕೆ ನ್ಯಾಯಮಂಡಳಿ ಹೇಳಿದ್ದು 2014ರಲ್ಲಿ. ಸುಮಾರು 27 ಕೋಟಿ ಡಾಲರ್ ಪರಿಹಾರ ನಿಗದಿಯಾದದ್ದು 2016ರಲ್ಲಿ.

ಗಮನಿಸಿ, 2012ರಲ್ಲೂ ರೆಸಾರ್ಟ್‌ಗಳು ಎಂದಿನಂತೆ ನಡೆದವು, ಪ್ರವಾಸಿಗರು ಬರುತ್ತಲೇ ಇದ್ದರು. ಪೆಟ್ಟು ಬಿದ್ದದ್ದು ಒಂದು ಯೋಜನೆಗೆ. ಇಡೀ ದೇಶದ ಉದ್ಯಮಗಳಿಗೆ ತಟ್ಟುವುದು ಮ್ಯಾಕ್ರೋ ರಿಸ್ಕ್, ಹೀಗೆ ಒಬ್ಬರನ್ನೇ ಹುಡುಕಿಕೊಂಡು ಬರುವುದು ಮೈಕ್ರೋ ರಿಸ್ಕ್. ದೇಶದ ಒಟ್ಟು ಅಂಕ ಎರಡನೆಯದನ್ನು ಹಿಡಿಯಲಾರದು.

ಹಾರ್ವರ್ಡ್‌ನ ರೇಮಂಡ್ ವರ್ನನ್ 1970ರ ದಶಕದಲ್ಲೇ ಇದರ ಒಳಗುಟ್ಟನ್ನು ಬಿಡಿಸಿಟ್ಟಿದ್ದರು. ಹಣ ಬರುವ ತನಕ ಸರ್ಕಾರ ಬಗ್ಗುತ್ತದೆ. ಹಣ ನೆಲಕ್ಕೆ ಇಳಿದ ಮೇಲೆ ಬಗ್ಗಬೇಕಾದ್ದು ಕಂಪನಿ. ಬೇರೆಯವರ ಹೊಲದಲ್ಲಿ ಬಾವಿ ತೋಡಿಸಿದ ಗೇಣಿದಾರನ ಪಾಡು. ಗಣಿ, ಅಣೆಕಟ್ಟು, ರನ್‌ವೇಗಳನ್ನು ಕಿತ್ತು ಒಯ್ಯಲಾಗದು. ಸಾಫ್ಟ್‌ವೇರ್ ಕಂಪನಿಯಾದರೆ ಜನರನ್ನೂ ಲ್ಯಾಪ್‌ಟಾಪ್‌ಗಳನ್ನೂ ಬೇರೆಡೆಗೆ ಸಾಗಿಸಬಹುದು. ಹಾಗಾಗಿ ಒಂದೇ ದೇಶದಲ್ಲಿ ಇಬ್ಬರ ರಿಸ್ಕ್ ಒಂದೇ ಅಲ್ಲ.

ಮಾಲ್ಡೀವ್ಸನ್ನು ಬೈಯುವ ಮುಂಚೆ ನಮ್ಮದನ್ನೂ ನೋಡಿಕೊಳ್ಳಬೇಕು. ಮೊಬೈಲ್ ಕಂಪನಿ ವೊಡಾಫೋನ್ ತೆರಿಗೆ ಮೊಕದ್ದಮೆಯನ್ನು ಸುಪ್ರೀಂ ಕೋರ್ಟಿನಲ್ಲಿ ಗೆದ್ದ ಮೇಲೆ, ಅದೇ 2012ರಲ್ಲಿ, 1962ರಿಂದಲೇ ಅನ್ವಯವಾಗುವಂತೆ ತೆರಿಗೆ ಕಾನೂನನ್ನೇ ತಿದ್ದಿದ ದೇಶ ನಮ್ಮದು. ಹಾಗೆ ಹಿಂದಿನಿಂದ ಹೇರಿದ ತೆರಿಗೆ ಬೇಡಿಕೆಗಳನ್ನು ಕೈಬಿಡಲು ಕಾಯ್ದೆ ಬಂದದ್ದು 2021ರಲ್ಲಿ.

ಆದ್ದರಿಂದ ಪಳಗಿದವರು ಅಂಕಪಟ್ಟಿಗಿಂತ ಬೇರೆ ಪ್ರಶ್ನೆಗಳಿಗೆ ಹೆಚ್ಚು ಬೆಲೆ ಕೊಡುತ್ತಾರೆ. ಸಹಿ ಹಾಕಿದವರು ನಾಳೆ ಸೋತರೆ ಬರುವವರು ಯಾರು, ಅವರು ಈಗೇನು ಹೇಳುತ್ತಿದ್ದಾರೆ? ವರಮಾನ ಯಾರ ಜೇಬಿನಿಂದ ಬರಬೇಕು? ಜಗಳವಾದರೆ ಯಾವ ದೇಶದಲ್ಲಿ ವಿಚಾರಣೆ? ಉಳಿದ ಅಪಾಯಕ್ಕೆ ವಿಮೆ ಇದೆ: ವಿಶ್ವ ಬ್ಯಾಂಕ್ ಗುಂಪಿನ ಮಿಗಾ 1988ರಿಂದ ಇದನ್ನೇ ಮಾಡುತ್ತಿದೆ. ಇನ್ನೊಂದು ಹಳೆಯ ಉಪಾಯ, ಆ ದೇಶದ ಬ್ಯಾಂಕಿನಿಂದಲೇ ಸಾಲ ಎತ್ತುವುದು; ಯೋಜನೆ ಕಸಿದುಕೊಂಡರೆ ನೋವು ಅಲ್ಲಿಯವರಿಗೂ ತಟ್ಟುತ್ತದೆ. ಮಾಲೆ ಯೋಜನೆಗೆ ಸಾಲ ಕೊಟ್ಟಿದ್ದು ಭಾರತದ ಆಕ್ಸಿಸ್ ಬ್ಯಾಂಕ್.