ಓದು ಕಲಿಸೋದನ್ನ ನಮಗೆ ಎಲ್ಲಿ ಕಲಿಸ್ತಾರೆ? ಡಿ.ಎಲ್.ಇಡಿ, ಬಿ.ಇಡಿಯವರಿಗೆ ನೋಟ್ಸ್

ಮೈಸೂರಿನ ವಸಂತ ಮಹಲ್‌ನಲ್ಲಿರೋ ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆ, ಅಂದ್ರೆ ಡಯಟ್‌ನವರಾಗ್ಲಿ ಮಂಡ್ಯ ಕಡೆ ಕಾಲೇಜಿನವರಾಗ್ಲಿ, ಇಂಟರ್ನ್‌ಶಿಪ್‌ಗೆ ಹೋಗೋ ಮುಂಚೆ ಇದನ್ನ ಒಂದ್ಸಲ ಓದ್ಕೊಳ್ಳಿ, ಎಕ್ಸಾಮ್‌ಗೂ ಆಗುತ್ತೆ. ಒಂದನೇ ಕ್ಲಾಸ್ ಮಗುಗೆ ಓದು ಬರಹ ಕಲಿಸೋ ಟೀಚರ್‌ಗೆ ಏನೇನು ಗೊತ್ತಿರಬೇಕು ಅಂತ ರೂಲ್ಸ್ ಹೇಳುತ್ತೆ, ಮತ್ತೆ ಕ್ಲಾಸಲ್ಲಿ ನಿಂತಾಗ ಅದ್ರಲ್ಲಿ ಯಾವ್ದು ಕೆಲ್ಸಕ್ಕೆ ಬರುತ್ತೆ, ಇಷ್ಟೇ ವಿಷಯ.

ರೂಲ್ಸ್ ಮೊದ್ಲು ಮುಗಿಸಿಬಿಡೋಣ. ಟೀಚರ್ ಕೋರ್ಸ್‌ಗಳಿಗೆ ನಿಯಮ ಮಾಡೋ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮಾವಳಿ ಪ್ರಕಾರ ಚಿಕ್ಕ ಮಕ್ಕಳ ಟೀಚರ್‌ಗಿರೋ ಡಿ.ಎಲ್.ಇಡಿ, ಹೈಸ್ಕೂಲ್ ಕಡೆಯ ಬಿ.ಇಡಿ ಎರಡೂ ಕೋರ್ಸ್ 2 ವರ್ಷ, ಇಂಟರ್ನ್‌ಶಿಪ್ 20 ವಾರ, ಹಾಜರಾತಿ ಥಿಯರಿಗೆ ಶೇ. 80, ಇಂಟರ್ನ್‌ಶಿಪ್‌ಗೆ ಶೇ. 90. ಬಿ.ಇಡಿ ಚೌಕಟ್ಟಲ್ಲಿ ಎಲ್ಲಾ ವಿಷಯಗಳಲ್ಲೂ ಭಾಷೆ ಹೆಂಗೆ ಕೆಲ್ಸ ಮಾಡುತ್ತೆ ಅನ್ನೋ ಒಂದು ಪೇಪರ್ ಇದೆ, ಪಠ್ಯಗಳನ್ನ ಓದಿ ಚಿಂತಿಸೋ ಒಂದು ಇಪಿಸಿ (ವೃತ್ತಿ ಸಾಮರ್ಥ್ಯ ಬೆಳೆಸೋ ಕೋರ್ಸ್) ಇದೆ. ಎರಡೂ ಚೆನ್ನಾಗೇ ಇವೆ, ಆದ್ರೆ ಗಮನ ಇಟ್ಟು ನೋಡಿದ್ರೆ ಮಗುಗೆ ಓದೋಕೆ ಬರುತ್ತೆ ಅಂದ್ಕೊಂಡೇ ಎರಡೂ ಶುರುವಾಗುತ್ತೆ, ಹೈಸ್ಕೂಲ್ ಮೇಷ್ಟ್ರಿಗೆ ಅದು ಸರಿನೇ. 'ಅ' ಗೊತ್ತಿಲ್ಲದ ಮಗು ಬರೋದು ಡಿ.ಎಲ್.ಇಡಿಯವರ ಮುಂದೆ.

ಈ ವ್ಯತ್ಯಾಸನೇ ಕೋರ್ಟಿಗೂ ಹೋಯ್ತು. 2018ರಲ್ಲಿ ಎನ್‌ಸಿಟಿಇ, ಬಿ.ಇಡಿ ಮಾಡಿದೋರೂ 1ರಿಂದ 5ನೇ ಕ್ಲಾಸ್‌ಗೆ ಟೀಚರ್ ಆಗ್ಬಹುದು, ಸೇರಿ 2 ವರ್ಷದೊಳಗೆ 6 ತಿಂಗಳ ಬ್ರಿಜ್ ಕೋರ್ಸ್ ಮಾಡ್ಕೊಳ್ಲಿ ಅಂದಿತ್ತು. 2023ರ ಆಗಸ್ಟ್‌ನಲ್ಲಿ ದೇವೇಶ್ ಶರ್ಮಾ ಕೇಸಲ್ಲಿ ಸುಪ್ರೀಂ ಕೋರ್ಟ್ ಅದನ್ನ ಒಪ್ಪಲಿಲ್ಲ, ಚಿಕ್ಕ ಮಕ್ಕಳಿಗೆ ಕಲಿಸೋಕೆ ಬೇಕಾದ ತರಬೇತಿ ಬಿ.ಇಡಿಯಲ್ಲಿ ಇಲ್ಲ ಅಂತು. ಬಿ.ಇಡಿ ಫ್ರೆಂಡ್ಸ್‌ಗೆ ಇದು ಬೇಜಾರಿನ ವಿಷಯ, ಗೊತ್ತು, ಆದ್ರೂ ನನಗೆ ತೀರ್ಪು ಸರಿ ಅನ್ಸುತ್ತೆ. ಟೀಚರ್ ಅರ್ಹತಾ ಪರೀಕ್ಷೆ ಟಿಇಟಿಯಲ್ಲಿ 1ರಿಂದ 5ನೇ ಕ್ಲಾಸ್ ಟೀಚರ್‌ಗಳಿಗಿರೋ ಪೇಪರ್ 1ರ 150 ಮಾರ್ಕ್ಸಲ್ಲಿ ಭಾಷೆ ಒಂದಕ್ಕೆ 30 ಇದೆ, ಅದ್ರಲ್ಲಿ ಬೋಧನಾಶಾಸ್ತ್ರದ ಪ್ರಶ್ನೆನೂ ಬರುತ್ತೆ, ಆದ್ರೆ ನಾಲ್ಕು ಆಪ್ಷನ್‌ನಲ್ಲಿ ಒಂದು ಗುರುತು ಹಾಕೋರಿಗೆಲ್ಲ ಮಗು ಓದೋದನ್ನ ಕೇಳಿಸ್ಕೊಳ್ಳೋಕೆ ಬರುತ್ತೆ ಅಂತೇನಿಲ್ಲ.

ಈಗ ಗುರಿ ಏನು ಅಂತ ನೋಡಿ. 2021ರ ಜುಲೈ 5ಕ್ಕೆ ಶುರುವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಪ್ರಕಾರ 2026-27ರೊಳಗೆ ಮೂರನೇ ಕ್ಲಾಸ್ ಮುಗಿಸೋ ಎಲ್ಲಾ ಮಕ್ಕಳಿಗೂ ಅರ್ಥ ಮಾಡ್ಕೊಂಡು ಓದೋಕೆ ಬರಬೇಕು. ಎರಡನೇ ಕ್ಲಾಸಲ್ಲಿ ನಿಮಿಷಕ್ಕೆ 45ರಿಂದ 60 ಪದ, ಮೂರನೇ ಕ್ಲಾಸಲ್ಲಿ ಕನಿಷ್ಠ 60. ಇದನ್ನ ಬಾಯಿಪಾಠ ಮಾಡಿ, ಆದ್ರೆ ಒಂದು ಅನುಮಾನ ತಲೇಲಿ ಇಟ್ಕೊಳ್ಳಿ: ಹಿಂದಿಯಲ್ಲಿ 'ಘರ್ ಮೇ' ಎರಡು ಪದ, ನಮ್ಮಲ್ಲಿ 'ಮನೆಯಲ್ಲಿ' ಒಂದೇ, 'ಮನೆಯಲ್ಲಿದ್ದವರಿಗೆಲ್ಲ' ಅನ್ನೋದೂ ಒಂದೇ. ಹಂಗಾಗಿ ಸ್ಟಾಪ್‌ವಾಚ್ ಹಿಡ್ಕೊಂಡು ಪದ ಎಣಿಸೋವಾಗ ಎಂಥ ಪದ ಕೊಟ್ಟಿದೀವಿ ಅನ್ನೋದು ಮುಖ್ಯ.

ಕಲಿಸೋ ಕ್ರಮಕ್ಕೆ ಬಂದ್ರೆ ನಮ್ಮ ಮೈಸೂರು ಜಿಲ್ಲೆಯೋರು ಹೆಮ್ಮೆಯಿಂದ ಬರೀಬಹುದಾದ ಉತ್ತರ ನಲಿ-ಕಲಿ, ಅಂದ್ರೆ ಮಕ್ಕಳು ಗುಂಪಲ್ಲಿ ಕೂತು ಕಾರ್ಡು ಹಿಡ್ಕೊಂಡು ತಮ್ಮ ತಮ್ಮ ವೇಗದಲ್ಲಿ ಕಲಿಯೋ ಪದ್ಧತಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಲ್ಲಿ ಯುನಿಸೆಫ್ ಸಹಾಯದಿಂದ ಶುರುವಾಗಿದ್ದು, ಆಂಧ್ರದ ಋಷಿವ್ಯಾಲಿ ಶಾಲೆಗಳ ಪದ್ಧತಿ ನೋಡ್ಕೊಂಡು ಬಂದು ಮಾಡಿದ್ದು, 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಕಾರ್ಡು, ಕಲಿಕಾ ಏಣಿ (ಕಲಿಕೆಯ ಮೆಟ್ಟಿಲು ತೋರಿಸೋ ಚಾರ್ಟು), ಐದು ತಟ್ಟೆ (ಮಕ್ಕಳು ಕೂರೋ ಐದು ಗುಂಪು) ಎಲ್ಲಾ ನಿಮಗೆ ಗೊತ್ತಿರೋದೇ. ನಾನು ನೋಡಿ ಅಂತಿರೋದು ಅಕ್ಷರದ ಕ್ರಮ. ಅಆಇಈ ಅಂತ ಶುರುವಾಗಲ್ಲ, 'ರ ಗ ಸ ದ ಅ' ಅಂತ ಶುರು. ಯಾಕೆ ಅಂದ್ರೆ ಈ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ ಎಲ್ಲಾ ಓದಬಹುದು, ಬರೆಯೋಕೂ ಸುಲಭ. ಮಗು ಮೊದಲನೇ ವಾರಗಳಲ್ಲೇ ಅರ್ಥ ಇರೋ ಪದ ಓದುತ್ತೆ. ವರ್ಣಮಾಲೆ ಕ್ರಮದಲ್ಲಿ ಹೋದ್ರೆ ಋ, ಐ, ಔ ದಾಟ್ಕೊಂಡು ಬರೋಷ್ಟರಲ್ಲಿ ಒಂದು ಪದನೂ ಕೈಗೆ ಸಿಕ್ಕಿರಲ್ಲ.

ಅಮೆರಿಕದ ನ್ಯಾಷನಲ್ ರೀಡಿಂಗ್ ಪ್ಯಾನಲ್ 2000ದಲ್ಲಿ ಹೇಳಿದ ಐದು ಅಂಶ ನಿಮ್ಮ ಗೈಡಲ್ಲೂ ಇರುತ್ತೆ: ಧ್ವನಿ ಅರಿವು (ಪದದೊಳಗಿನ ಬಿಡಿ ಧ್ವನಿ ಕಿವಿಗೆ ಗೊತ್ತಾಗೋದು), ಅಕ್ಷರ-ಧ್ವನಿ ಸಂಬಂಧ, ನಿರರ್ಗಳತೆ, ಪದಸಂಪತ್ತು, ಅರ್ಥಗ್ರಹಿಕೆ. ಕ್ಯಾಲಿಫೋರ್ನಿಯಾದಲ್ಲಿ 2021ರಲ್ಲಿ ಕಾನೂನೇ ಮಾಡಿ ಟೀಚರ್ ಟ್ರೈನಿಂಗ್‌ನಲ್ಲಿ ಇದನ್ನೆಲ್ಲ ಕಡ್ಡಾಯ ಮಾಡಿದ್ರು. ನಾವು ಇದನ್ನ ಹಂಗೇ ಎತ್ತಿ ಇಳಿಸ್ಕೊಂಡ್ರೆ ಆಗಲ್ಲ. ಇಂಗ್ಲಿಷಲ್ಲಿ 26 ಅಕ್ಷರ, ತಲೆನೋವು ಸ್ಪೆಲಿಂಗು. ಕನ್ನಡದಲ್ಲಿ ಬರೆದಂಗೆ ಓದೋದು, ಆದ್ರೆ ಕಾಗುಣಿತ ಒತ್ತಕ್ಷರ ಸೇರಿದ್ರೆ ಮಗು ಗುರುತಿಸಬೇಕಾದ ಆಕಾರಗಳು ನೂರಾರು. ಸೋನಾಲಿ ನಾಗ್ ಅವರು ಕನ್ನಡ ಮಕ್ಕಳ ಓದಿನ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಇದೆ, ಅಕ್ಷರ ಕಲಿಕೆ ಒಂದನೇ ಕ್ಲಾಸಿಗೆ ಮುಗಿಯಲ್ಲ, ಮುಂದಿನ ಕ್ಲಾಸುಗಳಿಗೂ ಹೋಗುತ್ತೆ, ಬಿಡಿ ಧ್ವನಿಯ ಅರಿವು ಇನ್ನೂ ನಿಧಾನ. ಮೂರನೇ ಕ್ಲಾಸಿನ ಮಗು ಒತ್ತಕ್ಷರದಲ್ಲಿ ತಡವರಿಸಿದ್ರೆ 'ದಡ್ಡ' ಅಂತ ಬರೀಬೇಡ್ರಪ್ಪ.

ಎಲ್ಲಿ ತಡವರಿಸುತ್ತೆ ಅನ್ನೋದನ್ನ ಹಿಡಿಯೋದೇ ನಮ್ಮ ಕೆಲ್ಸ. ಮಗು 'ಅಜ್ಜ' ನೋಡಿ 'ಅಜ' ಅಂದ್ರೆ ಒತ್ತು ಬಿಟ್ಟಿದೆ. 'ವರ್ಷ' ನೋಡಿ 'ವಷ್ರ' ಅಂದ್ರೆ ಅರ್ಕಾವತ್ತಿನ ಸಮಸ್ಯೆ, ರ್ ಗುರುತು ಬರೆಯೋದು ಷ ಆದ್ಮೇಲೆ, ಓದೋದು ಷಗೆ ಮುಂಚೆ, ಕಣ್ಣಿಗೆ ಮೊದ್ಲು ಬೀಳೋದು ಷ, ಮಗುನ ತಪ್ಪೇನಿದೆ. 'ಮರ'ನ 'ವರ' ಅಂದ್ರೆ ಆಕಾರ ಒಂದೇ ಥರ ಕಂಡಿದೆ. ಮೂರಕ್ಕೂ ಬೇರೆ ಬೇರೆ ಅಭ್ಯಾಸ ಕೊಡ್ಬೇಕು, 'ಇನ್ನೊಂದ್ಸಲ ಓದು' ಅಂದ್ರೆ ಮೂರರಲ್ಲಿ ಒಂದೂ ಸರಿಹೋಗಲ್ಲ.

ಇನ್ನೊಂದು ಮಂಡ್ಯ ಕಡೆ ಶಾಲೆಗೆ ಹೋಗೋರಿಗೆ. 'ಹಸು ಹಾಲು ಕೊಡುತ್ತದೆ' ಅಂತ ಬರೆದಿದ್ರೆ ಮಗು 'ಅಸು ಆಲು ಕೊಡ್ತದೆ' ಅಂತ ಓದುತ್ತೆ. ಇದು ಓದಿನ ತಪ್ಪಲ್ಲ, ಮಗುಗೆ ಹ ಗೊತ್ತಿದೆ, ಅರ್ಥನೂ ಗೊತ್ತಿದೆ, ಮನೇಲಿ ಅವ್ವ ಮಾತಾಡೋ ಹಂಗೆ ಓದಿದೆ ಅಷ್ಟೇ. ಅನುಮಾನ ಇದ್ರೆ ಹ ಮತ್ತೆ ಅ ಎರಡೂ ಬರೆದಿಟ್ಟು 'ಹಸು ಯಾವ್ದ್ರಿಂದ ಶುರುವಾಗುತ್ತೆ, ತೋರ್ಸು ಕಂದ' ಅನ್ನಿ, ಬೆರಳು ಹ ಮೇಲೆ ಹೋದ್ರೆ ತಪ್ಪು ಎಣಿಸಬೇಡಿ. ಬರೆಯೋವಾಗ್ಲೂ 'ಅಸು' ಅಂತಾನೇ ಬರೆದ್ರೆ ಆಗ ಹೇಳಿಕೊಡಿ, ಅದೂ ಎಲ್ಲರ ಮುಂದೆ ನಗಾಡದೆ. ಉಚ್ಚಾರಣೆ ತಿದ್ದೋ ಉತ್ಸಾಹದಲ್ಲಿ ಮಗು ಬಾಯೇ ತೆಗೀದಂಗೆ ಮಾಡೋ ಟ್ರೇನಿಗಳು ಜಾಸ್ತಿ ಇದಾರೆ.

ರೆಕಾರ್ಡ್ ಬುಕ್ ಬಗ್ಗೆ: ಲೆಸನ್ ಪ್ಲಾನ್ ಎಲ್ಲರೂ ಸೀನಿಯರ್ಸ್ ಹತ್ರ ಇಸ್ಕೊಂಡು ನೀಟಾಗಿ ಕಾಪಿ ಮಾಡ್ತಾರೆ, ಬಣ್ಣದ ಪೆನ್ ಬೇರೆ. ಅದ್ರ ಜೊತೆಗೆ ಒಂದಿಬ್ಬರು ಮಕ್ಕಳನ್ನ ಆರಿಸ್ಕೊಂಡು, ಅವ್ರು ಮುಂಚೆ ಓದಿರದ ನಾಲ್ಕೈದು ಸಾಲು ಓದಿಸಿ, ಏನು ಅಂದ್ರೋ ಹಂಗೇ ಬರ್ಕೊಳ್ಳಿ, ಪಕ್ಕದಲ್ಲಿ ಯಾವ ಥರದ ತಪ್ಪು ಅಂತ ಬರೀರಿ, ಆಮೇಲೆ ಕಥೆ ಬಗ್ಗೆ ಎರಡು ಪ್ರಶ್ನೆ ಕೇಳಿ. ಸರಾಗವಾಗಿ ಓದಿ ಒಂದಕ್ಕೂ ಉತ್ತರ ಹೇಳದ ಮಗುನೂ ಸಿಗುತ್ತೆ, ತಡವರಿಸ್ಕೊಂಡು ಓದಿ ಎರಡಕ್ಕೂ ಹೇಳೋ ಮಗುನೂ ಸಿಗುತ್ತೆ. ವೈವಾದಲ್ಲಿ ಇದರ ಮೇಲೆ ಪ್ರಶ್ನೆ ಬಂದ್ರೆ ನಿಮ್ಮ ಹತ್ರ ಹೇಳೋಕೆ ನಿಮ್ಮದೇ ಮಾತು ಇರುತ್ತೆ.