ಹಸಿರು ಒಣದ್ರಾಕ್ಷಿಗೆ ಬಣ್ಣ ಹಾಕುತ್ತಾರೆಯೇ?

ಪ್ರಶ್ನೆ: ವಿಜಯಪುರದ ಒಣದ್ರಾಕ್ಷಿ ಒಂದು ಅಂಗಡಿಯಲ್ಲಿ ಹಸಿರಾಗಿಯೂ ಇನ್ನೊಂದರಲ್ಲಿ ಕಂದು ಬಣ್ಣದ್ದಾಗಿಯೂ ಸಿಗುತ್ತದೆ. ಹಸಿರಿಗೆ ಬಣ್ಣ ಬೆರೆಸಿರುತ್ತಾರೆಯೇ? ಅಡುಗೆಗೆ ಯಾವುದು ಒಳ್ಳೆಯದು?

ಉತ್ತರ: ಹಸಿರು ಸಾಮಾನ್ಯವಾಗಿ ಹಣ್ಣಿನದೇ ಬಣ್ಣ, ಅದು ಉಳಿಯುವುದೂ ಮಾಸುವುದೂ ಒಣಗಿಸುವ ಕ್ರಮವನ್ನು ಅವಲಂಬಿಸಿರುತ್ತದೆ. ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ, ಇಂಡಿ ಭಾಗಗಳಲ್ಲಿ ಅಕ್ಟೋಬರ್ ವೇಳೆಗೆ ಚಾಟ್ನಿ ಮಾಡಿದ (ರೆಂಬೆ ಕತ್ತರಿಸಿ ಸವರಿದ) ಬಳ್ಳಿಗಳ ಹಣ್ಣು ಬೇಸಿಗೆಯ ಹೊತ್ತಿಗೆ ಸಿಹಿ ತುಂಬಿಕೊಳ್ಳುತ್ತದೆ. ಥಾಮ್ಸನ್ ಸೀಡ್‌ಲೆಸ್‌ನಂತಹ ಬೀಜರಹಿತ ತಳಿಗಳ ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ ಇರುವ ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಕೆಲವು ನಿಮಿಷ ಅದ್ದಿ, ನೆರಳುಬಲೆ ಕಟ್ಟಿದ ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಹರಡುತ್ತಾರೆ. ಈ ದ್ರಾವಣವು ಸಿಪ್ಪೆಯ ಮೇಲಿನ ಮೇಣದ ಪದರವನ್ನು ಸಡಿಲಿಸುವುದರಿಂದ ಒಳಗಿನ ನೀರು ಬೇಗ ಆರಿ, ಸುಮಾರು ಎರಡು ವಾರಗಳಲ್ಲಿ ಹಣ್ಣು ಹಸಿರು ಉಳಿಸಿಕೊಂಡೇ ಒಣಗುತ್ತದೆ. ಹೀಗೆ 4 ಕಿಲೋ ಹಸಿ ದ್ರಾಕ್ಷಿಗೆ ಹೆಚ್ಚುಕಡಿಮೆ 1 ಕಿಲೋ ಒಣದ್ರಾಕ್ಷಿ ದೊರೆಯುತ್ತದೆ.

ಅದ್ದದೆ ನೇರ ಬಿಸಿಲಿಗೆ ಹಾಕಿದರೆ ಒಣಗುವುದು ನಿಧಾನವಾಗಿ, ಹಣ್ಣಿನಲ್ಲಿರುವ ಕಿಣ್ವಗಳು ಗಾಳಿಯೊಂದಿಗೆ ವರ್ತಿಸಿ ಅದನ್ನು ಕಂದು ಮಾಡುತ್ತವೆ. ಇದು ಕೆಡುವಿಕೆಯಲ್ಲ. ಹೊಳೆಯುವ ಹೊಂಬಣ್ಣಕ್ಕಾಗಿ ಗಂಧಕದ ಹೊಗೆ ಕೊಡುವ ಪದ್ಧತಿಯೂ ಇದೆ. ಆ ಹೊಗೆಯಿಂದ ಹಣ್ಣಿನಲ್ಲಿ ಉಳಿಯುವ ಸಲ್ಫೈಟ್ ಒಗ್ಗದ ಅಸ್ತಮಾ ರೋಗಿಗಳು ಅಂಥದ್ದನ್ನು ಬಿಡುವುದೇ ಲೇಸು. ಆದ್ದರಿಂದ ಕೊಳ್ಳುವಾಗ ಹೊಳಪಿಗೆ ಮರುಳಾಗದೆ ಒಂದನ್ನು ಹಿಸುಕಿ, ಮೂಸಿ ನೋಡಿ: ಮೆತ್ತಗಿದ್ದೂ ಕೈಗೆ ಅಂಟದಿರಬೇಕು, ಹುಳಿ ವಾಸನೆಯಾಗಲಿ ಬೂಷ್ಟಿನ ವಾಸನೆಯಾಗಲಿ ಇರಬಾರದು.

ಅಡುಗೆಯಲ್ಲಿ ಹಸಿರಿನದು ತುಸು ಹುಳಿಸಿಹಿ. ಪಲಾವ್, ಕೇಸರಿಬಾತ್‌ಗಳಿಗೆ ಅದೇ ನನಗೆ ಮೆಚ್ಚು. ಸಣ್ಣ ಉರಿಯಲ್ಲಿ ತುಪ್ಪಕ್ಕೆ ಹಾಕಿದೊಡನೆ ಸುಕ್ಕುಗಳು ಬಿಚ್ಚಿ ಕಾಳು ಗುಂಡಗೆ ಉಬ್ಬುತ್ತದೆ. ಆ ಕ್ಷಣವೇ ತೆಗೆಯದಿದ್ದರೆ ಸಕ್ಕರೆ ಕರಕಲಾಗಿ ಕಹಿಯಾಗುತ್ತದೆ. ಅದರ ಹುಳಿ ಹಾಲನ್ನು ಒಡೆಸಬಹುದಾದ್ದರಿಂದ ಪಾಯಸಕ್ಕೆ ಒಲೆಯಿಂದ ಇಳಿಸಿದ ಮೇಲೆಯೇ ಸೇರಿಸಬೇಕು. ಗಾಢ ರುಚಿಯ ಕಂದು ಒಣದ್ರಾಕ್ಷಿ ಕೇಕಿಗೂ ರಾತ್ರಿ ನೆನೆಹಾಕಿ ಬೆಳಿಗ್ಗೆ ತಿನ್ನುವುದಕ್ಕೂ ಒಪ್ಪುತ್ತದೆ. ಹಾಗೆ ತಿಂದರೆ ಮಲಬದ್ಧತೆ ಕಡಿಮೆಯಾಗಲು ಅನುಕೂಲ. ಆದರೆ ತೂಕದ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ ಇರುವುದರಿಂದ ಮಧುಮೇಹಿಗಳು ಬಣ್ಣ ಯಾವುದೇ ಇರಲಿ, ವೈದ್ಯರು ಹೇಳಿದ ಮಿತಿಯಲ್ಲಿಯೇ ತಿನ್ನಬೇಕು.