ವೆಸ್ಟ್ ಹ್ಯಾಮ್‌ನಲ್ಲಿ 6 ಮತ್ತು 38ನೆಯ ಜರ್ಸಿಯನ್ನು ಯಾರೂ ತೊಡುವುದಿಲ್ಲವೇಕೆ?

ಪ್ರಶ್ನೆ: ಲಂಡನ್ನಿನ ವೆಸ್ಟ್ ಹ್ಯಾಮ್ ಫುಟ್‌ಬಾಲ್ ಕ್ಲಬ್ಬಿನಲ್ಲಿ 6 ಮತ್ತು 38ನೆಯ ಜರ್ಸಿಗಳನ್ನು ಈಗ ಯಾರಿಗೂ ಕೊಡುವುದಿಲ್ಲ ಎಂದು ಓದಿದೆ. 6 ಬಾಬಿ ಮೂರ್ ಅವರದೆಂದು ಗೊತ್ತು. 38 ಯಾರದು? ಅವರೂ ಅಷ್ಟೇ ದೊಡ್ಡ ಆಟಗಾರರೇ?

ಉತ್ತರ: 38 ಡೈಲನ್ ಟಾಂಬಿಡೀಸ್ ಎಂಬ ಆಸ್ಟ್ರೇಲಿಯಾದ ಹುಡುಗನದು. ವೆಸ್ಟ್ ಹ್ಯಾಮ್‌ನ ಮುಖ್ಯ ತಂಡಕ್ಕೆ ಆತ ಆಡಿದ್ದು ಒಂದೇ ಒಂದು ಪಂದ್ಯ. 2012ರ ಸೆಪ್ಟೆಂಬರ್‌ನಲ್ಲಿ, ವಿಗನ್ ವಿರುದ್ಧ, ಅದೂ ಬದಲಿ ಆಟಗಾರನಾಗಿ. ಇಂಗ್ಲೆಂಡ್ ಪರ 108 ಪಂದ್ಯಗಳನ್ನಾಡಿ, 1966ರಲ್ಲಿ ನಾಯಕನಾಗಿ ವಿಶ್ವಕಪ್ ಎತ್ತಿ ಹಿಡಿದ ಮೂರ್ ಅವರ ಪಕ್ಕದಲ್ಲಿ ಈ ಹುಡುಗನ ಸಂಖ್ಯೆಯನ್ನೂ ಕ್ಲಬ್ ಇಟ್ಟಿದೆ. ಇದು ಸರಿಯಾದ ತೀರ್ಮಾನವೆಂದೇ ನನ್ನ ದೃಢವಾದ ಅಭಿಪ್ರಾಯ.

ಪರ್ತ್ ನಗರದ ಟಾಂಬಿಡೀಸ್ ಹದಿನೈದರ ವಯಸ್ಸಿನಲ್ಲಿ ವೆಸ್ಟ್ ಹ್ಯಾಮ್ ಸೇರಿದ. 2011ರಲ್ಲಿ ಮೆಕ್ಸಿಕೊದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಆತನನ್ನು ಉದ್ದೀಪನ ಮದ್ದಿನ ಪರೀಕ್ಷೆಗೆ ಒಳಪಡಿಸಲಾಯಿತು. ಸಾಮಾನ್ಯವಾಗಿ ಗರ್ಭಿಣಿಯರಲ್ಲಿ ಹೆಚ್ಚುವ ಎಚ್‌ಸಿಜಿ ಎಂಬ ಹಾರ್ಮೋನು ಪುರುಷ ಕ್ರೀಡಾಪಟುಗಳಿಗೆ ನಿಷಿದ್ಧವಾದ್ದರಿಂದ ಅದನ್ನೂ ಈ ಪರೀಕ್ಷೆಯಲ್ಲಿ ಹುಡುಕುತ್ತಾರೆ. ಆದರೆ ವೃಷಣದ ಕೆಲವು ಗೆಡ್ಡೆಗಳು ಅದನ್ನು ತಾವೇ ಉತ್ಪಾದಿಸುತ್ತವೆ. ಪರೀಕ್ಷೆಯಲ್ಲಿ ಅದು ಕಂಡುಬಂದರೂ ಹುಡುಗ ಯಾವ ಮದ್ದನ್ನೂ ತೆಗೆದುಕೊಂಡಿರಲಿಲ್ಲ, ಆತನಿಗೆ ಕ್ಯಾನ್ಸರ್ ಆಗಿತ್ತು. ಅದಕ್ಕೂ ಮೊದಲೇ ಗಂಟೊಂದನ್ನು ಗಮನಿಸಿ ವೈದ್ಯರಿಗೆ ತೋರಿಸಿದ್ದಾಗ, ಅದು ಅಪಾಯವಿಲ್ಲದ ನೀರುಗುಳ್ಳೆ ಎಂಬ ಉತ್ತರ ಸಿಕ್ಕಿತ್ತು. ಶಸ್ತ್ರಚಿಕಿತ್ಸೆ, ಕೀಮೊಥೆರಪಿಗಳ ನಡುವೆಯೇ ಆತ ಮೈದಾನಕ್ಕೆ ಮರಳಿದ. 2014ರ ಜನವರಿಯಲ್ಲಿ ಒಮಾನ್‌ನಲ್ಲಿ ಆಸ್ಟ್ರೇಲಿಯಾದ 22 ವರ್ಷದೊಳಗಿನವರ ತಂಡಕ್ಕೂ ಆಡಿದ. ಅದೇ ವರ್ಷ ಏಪ್ರಿಲ್ 18ರಂದು ತೀರಿಕೊಂಡಾಗ ಆತನಿಗೆ ಇಪ್ಪತ್ತು ವರ್ಷ. ಮರುದಿನವೇ ಕ್ರಿಸ್ಟಲ್ ಪ್ಯಾಲೆಸ್ ವಿರುದ್ಧದ ಪಂದ್ಯಕ್ಕೆ ಮುನ್ನ ಆತನ ತಂದೆಯೂ ತಮ್ಮನೂ 38ರ ಜರ್ಸಿಯನ್ನು ಮೈದಾನದ ನಡುವೃತ್ತದಲ್ಲಿ ಇರಿಸಿದರು. ಅಂದಿನಿಂದ ಆ ಸಂಖ್ಯೆ ಬೇರೆಯವರ ಬೆನ್ನೇರಿಲ್ಲ.

ಮೂರ್ ಅವರ 6ಕ್ಕೆ ಈ ಗೌರವ ಸಿಗಲು ಹದಿನೈದು ವರ್ಷ ಹಿಡಿಯಿತು. ಅವರು ಕರುಳಿನ ಕ್ಯಾನ್ಸರ್‌ನಿಂದ ತೀರಿಕೊಂಡದ್ದು 1993ರ ಫೆಬ್ರವರಿ 24ರಂದು, 51ರ ವಯಸ್ಸಿನಲ್ಲಿ. ಅದಕ್ಕೆ ಒಂದು ವಾರ ಮೊದಲು ವೆಂಬ್ಲಿಯಲ್ಲಿ ಕುಳಿತು ಇಂಗ್ಲೆಂಡ್ ಪಂದ್ಯದ ವೀಕ್ಷಕ ವಿವರಣೆ ನೀಡಿದ್ದರು. ಆಗಿನ್ನೂ ಇಂಗ್ಲೆಂಡಿನ ಲೀಗ್‌ನಲ್ಲಿ ಆ ದಿನ ಕಣಕ್ಕಿಳಿದ ಹನ್ನೊಂದು ಮಂದಿ 1ರಿಂದ 11ರವರೆಗಿನ ಅಂಗಿಗಳನ್ನು ತೊಡುತ್ತಿದ್ದರೇ ಹೊರತು ಸಂಖ್ಯೆ ಯಾರ ಸ್ವಂತದ್ದೂ ಆಗಿರಲಿಲ್ಲ. ಹಾಗಾಗಿ ಮಾರ್ಚ್ 6ರ ಪಂದ್ಯದಲ್ಲಿ ವೆಸ್ಟ್ ಹ್ಯಾಮ್ ಆಟಗಾರ ಇಯಾನ್ ಬಿಷಪ್ 6ರ ಬದಲು 12 ತೊಟ್ಟು ಆಡಿದ್ದು ಆ ಒಂದು ದಿನದ ಮಟ್ಟಿಗಿನ ಗೌರವವಾಗಿತ್ತು. ಪ್ರೀಮಿಯರ್ ಲೀಗ್‌ನಲ್ಲಿ ಇಡೀ ಋತುವಿಗೆ ಒಬ್ಬ ಆಟಗಾರನಿಗೆ ಒಂದೇ ಸಂಖ್ಯೆ ಎಂಬ ಪದ್ಧತಿ ಬಂದದ್ದು 1993–94ರಲ್ಲಿ. ಕೊನೆಗೆ 2008ರಲ್ಲಿ, ವೆಸ್ಟ್ ಹ್ಯಾಮ್‌ನಲ್ಲಿ 6ನ್ನು ತೊಡುತ್ತಿದ್ದ ಮ್ಯಾಥ್ಯೂ ಅಪ್ಸನ್ 15ಕ್ಕೆ ಬದಲಾಯಿಸಿಕೊಂಡರು; 6 ಶಾಶ್ವತವಾಗಿ ನಿವೃತ್ತವಾಯಿತು.

ಸಂಖ್ಯೆಯ ಮೂಲಕ ನೆನೆಯುವುದು ಸಾವಿನ ನಂತರವೇ ಆಗಬೇಕೆಂದೇನೂ ಇಲ್ಲ. ನೆದರ್ಲೆಂಡ್ಸ್‌ನ ಖ್ಯಾತ ಆಟಗಾರ ಯೋಹಾನ್ ಕ್ರೈಫ್ ಬದುಕಿದ್ದಾಗಲೇ, 2007ರಲ್ಲಿ, ಆಮ್‌ಸ್ಟರ್‌ಡ್ಯಾಮ್‌ನ ಅಯಾಕ್ಸ್ ಕ್ಲಬ್ ಅವರ 14ನ್ನು ನಿವೃತ್ತಗೊಳಿಸಿತ್ತು. ಶ್ವಾಸಕೋಶದ ಕ್ಯಾನ್ಸರ್‌ನಿಂದ ಅವರು ತೀರಿಕೊಂಡ ಮರುದಿನ, 2016ರ ಮಾರ್ಚ್ 25ರಂದು, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನೆದರ್ಲೆಂಡ್ಸ್–ಫ್ರಾನ್ಸ್ ಪಂದ್ಯವನ್ನು 14ನೆಯ ನಿಮಿಷದಲ್ಲಿ ನಿಲ್ಲಿಸಿ ಇಡೀ ಕ್ರೀಡಾಂಗಣ ಚಪ್ಪಾಳೆ ತಟ್ಟಿತು.

ಮೂರ್ ಮತ್ತು ಟಾಂಬಿಡೀಸ್ ಅವರನ್ನು ಹತ್ತಿರ ತರುವ ಇನ್ನೊಂದು ಸಂಗತಿ ಬಹಳ ಜನರಿಗೆ ತಿಳಿದಿಲ್ಲ. ಮೂರ್ ಅವರಿಗೂ 1964ರ ನವೆಂಬರ್‌ನಲ್ಲಿ, 23ರ ವಯಸ್ಸಿನಲ್ಲಿ, ವೃಷಣದ ಕ್ಯಾನ್ಸರ್ ಆಗಿತ್ತು. ಶಸ್ತ್ರಚಿಕಿತ್ಸೆ ಫಲಿಸಿತು, ಆರು ತಿಂಗಳಲ್ಲಿ ಅವರು ವೆಸ್ಟ್ ಹ್ಯಾಮ್‌ಗೆ ಯುರೋಪಿಯನ್ ಕಪ್ ವಿನ್ನರ್ಸ್ ಕಪ್ ಗೆಲ್ಲಿಸಿಕೊಟ್ಟರು, ಮರುವರ್ಷ ವಿಶ್ವಕಪ್ ಗೆದ್ದರು. ಆದರೆ ಆ ಕಾಲದಲ್ಲಿ ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲವಾದ್ದರಿಂದ, ಅದು ಅವರ ಜೀವಮಾನವಿಡೀ ಗುಟ್ಟಾಗಿಯೇ ಉಳಿಯಿತು. ಪತ್ನಿ ಸ್ಟೆಫನಿ 1993ರಲ್ಲಿ ಅವರ ಹೆಸರಿನ ನಿಧಿಯನ್ನು ಕರುಳಿನ ಕ್ಯಾನ್ಸರ್ ಸಂಶೋಧನೆಗಾಗಿ ಆರಂಭಿಸಿದರು. ಟಾಂಬಿಡೀಸ್ ಕುಟುಂಬ ಕಟ್ಟಿದ ‘ಡಿಟಿ38’ ಪ್ರತಿಷ್ಠಾನವಾದರೋ, ಮೂರ್ ಮುಚ್ಚಿಟ್ಟುಕೊಳ್ಳಬೇಕಾಗಿ ಬಂದ ಆ ಕಾಯಿಲೆಯ ಬಗ್ಗೆಯೇ ಯುವಕರೊಂದಿಗೆ ಮಾತನಾಡುತ್ತದೆ: ನೋವಿಲ್ಲದಿದ್ದರೂ ಗಂಟು ಅಥವಾ ಊತ ಕಂಡರೆ ನಾಚಿಕೊಳ್ಳದೆ ವೈದ್ಯರ ಬಳಿ ಹೋಗಬೇಕೆಂದು ಹೇಳುತ್ತದೆ.